ತುಕ್ಕಿಗೆ ತಡೆ, ಪೈಪಿಗೆ ಬಾಳಿಕೆ

ಬೋರಿನಿಂದ ಮೋಟಾರು ಎತ್ತುವುದನ್ನು ನೀವು ನೋಡಿರುತ್ತೀರಿ. ಪೈಪು ಒಂದೊಂದಾಗಿ ಮೇಲೆ ಬರುತ್ತದೆ. ಮನೆಯವರೆಲ್ಲ ಉಸಿರು ಬಿಗಿ ಹಿಡಿದು ನಿಂತಿರುತ್ತಾರೆ. ನಡುವೆ ಪೈಪು ಮುರಿದರೆ ಮೋಟಾರು ಬೋರಿನ ತಳಕ್ಕೇ! ಸಾಲ ಮಾಡಿ ತಂದ ದುಡ್ಡು ಮಣ್ಣುಪಾಲು. ರಾಯದುರ್ಗ, ಮಡಕಶಿರಾ ಕಡೆಯ ರೈತರಿಗೆ ಈ ಭಯ ಹೊಸದಲ್ಲ.

ಗಟ್ಟಿ ಉಕ್ಕಿನ ಪೈಪು ಯಾಕೆ ಮುರಿಯುತ್ತದೆ? ಒಂದು ದೊಡ್ಡ ಕಾರಣ ತುಕ್ಕು. ನೀರೂ ಗಾಳಿಯೂ ಒಟ್ಟಿಗೆ ತಾಗಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ನೀರು ಉಪ್ಪಾಗಿದ್ದರೆ ಇನ್ನೂ ಬೇಗ. ತುಕ್ಕು ಪುಡಿಯಾಗಿ ಉದುರುತ್ತದೆ. ಪೈಪು ತೆಳ್ಳಗಾಗುತ್ತದೆ. ಇದನ್ನು ತಡೆಯಲು ಪೈಪಿಗೆ ಹೊದಿಕೆ ಬೇಕು.

ಸತುವಿನ ಹೊದಿಕೆ

'ಜಿ.ಐ. ಪೈಪು' ಅಂತೀವಲ್ಲ, ಅದು ಸತು ಹೊದಿಸಿದ ಪೈಪು. ಸತುವನ್ನು ಜಿಂಕ್ ಅಂತಲೂ ಕರೆಯುತ್ತಾರೆ. ಕಾರ್ಖಾನೆಯಲ್ಲಿ ಸುಮಾರು 450 ಡಿಗ್ರಿ ಶಾಖದಲ್ಲಿ ಕರಗಿದ ಸತುವಿನೊಳಗೆ ಪೈಪನ್ನು ಮುಳುಗಿಸಿ ತೆಗೆಯುತ್ತಾರೆ. ಒಳಗೂ ಹೊರಗೂ ಸತು ಅಂಟುತ್ತದೆ. ಸಣ್ಣ ಗೀರು ಬಿದ್ದರೂ ಮೊದಲು ಸತು ಸವೆಯುತ್ತದೆ, ಕಬ್ಬಿಣ ಉಳಿಯುತ್ತದೆ. ಏಟು ತಾನು ತಿಂದು ತಮ್ಮನನ್ನು ಕಾಯುವ ಅಣ್ಣನ ಹಾಗೆ.

ಆದರೆ ಪೈಪಿನ ತುದಿಯಲ್ಲಿ ಥ್ರೆಡ್ಡು ಕೊರೆದಾಗ ಅಲ್ಲಿ ಸತು ಹೋಗುತ್ತದೆ. ಅಲ್ಲಿ ಪೈಪೂ ತೆಳ್ಳಗೆ. ತುಕ್ಕಿಗೆ ಅದೇ ಬಾಗಿಲು. ಮೋಟಾರು ಎತ್ತಿದಾಗಲೆಲ್ಲ ಪ್ರತಿ ತುದಿಯನ್ನೂ ಉಜ್ಜಿ ನೋಡಿ. ಥ್ರೆಡ್ಡು ಸವೆದಿದ್ದರೆ ಆ ಪೈಪನ್ನು ಹಾಗೇ ಮತ್ತೆ ಇಳಿಸಬೇಡಿ. "ಇದೊಂದು ಸಲ ನಡೀತದೆ ಬಿಡು" ಅನ್ನಬೇಡಿ. ಒಂದು ಪೈಪು ಉಳಿಸಲು ಹೋಗಿ ಮೋಟಾರು ಕಳೆದುಕೊಳ್ಳಬಾರದು.

ಬಣ್ಣದ ಹೊದಿಕೆ

ಚಪ್ಪರ, ಗೇಟುಗಳಿಗೆ ಸತು ಇಲ್ಲದ ಕರಿ ಪೈಪು ಹಾಕಿರುತ್ತೀರಿ. ಅದಕ್ಕೆ ಹೀಗೆ ಮಾಡಿ:

1. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ ತೆಗೆಯಿರಿ.
2. ಎಣ್ಣೆ, ಧೂಳು ಒರೆಸಿ ಒಣಗಿಸಿ.
3. ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ.
4. ಅದು ಒಣಗಿದ ಮೇಲೆ ಎರಡು ಸಲ ಪೇಂಟು ಹಚ್ಚಿ.

ತುಕ್ಕಿನ ಮೇಲೇ ಬಣ್ಣ ಬಳಿದರೆ ನೋಡೋಕೆ ಚೆಂದ, ಅಷ್ಟೇ. ಒಳಗೊಳಗೇ ತುಕ್ಕು ತಿನ್ನುತ್ತದೆ. ಕುಡಿಯುವ ನೀರಿನ ಪೈಪಿನ ಒಳಗೆ ಮಾತ್ರ ಈ ಬಣ್ಣ ಹಚ್ಚಲೇಬೇಡಿ.

ಓದಿ, ಬರೆಯಿರಿ: ತುಕ್ಕು, ಉಕ್ಕು, ಸತು, ಗೀರು, ಹೊದಿಕೆ.

ಉತ್ತರ ಹೇಳಿ:
1. ತುಕ್ಕು ಹಿಡಿಯಲು ಯಾವ ಎರಡು ಬೇಕು?
2. ಜಿ.ಐ. ಪೈಪಿನಲ್ಲಿ ಸತು ಇಲ್ಲದ ಜಾಗ ಯಾವುದು?
3. ನಿಮ್ಮ ಮನೆಯಲ್ಲಿ, ಹೊಲದಲ್ಲಿ ತುಕ್ಕು ಹಿಡಿದ ಪೈಪು ಎಲ್ಲೆಲ್ಲಿದೆ? ಇವತ್ತೇ ನೋಡಿ ಪಟ್ಟಿ ಬರೆಯಿರಿ.