ಕಾಲುವೆ, ರೈಲು, ವಿಮಾನ: ಮೂರು ದಿನದ ರಜೆಯ ಪಾಠ

ಬೇಸಿಗೆ ರಜೆ ಬಂತೆಂದರೆ ಆಶ್‌ಬರ್ನಿನ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ: ಈ ಸಲ ಎಲ್ಲಿಗೆ? ಊರಿನಿಂದ ಬಂದ ಅಜ್ಜ ಅಜ್ಜಿಯರನ್ನು ವೈಟ್‌ಹೌಸಿನ ಮುಂದೆ ನಿಲ್ಲಿಸಿ ಫೋಟೋ ತೆಗೆದದ್ದಂತೂ ಆಗಿದೆ. ಇನ್ನು ಹತ್ತಿರದಲ್ಲೇ ಇರುವ ಮೂರು ಜಾಗಗಳನ್ನು ಒಂದು ಕ್ರಮದಲ್ಲಿ ನೋಡೋಣ. ಜನರೂ ಸರಕೂ ಇಲ್ಲಿ ಹೇಗೆ ಓಡಾಡಿದರು ಎಂಬ ಇನ್ನೂರು ವರ್ಷಗಳ ಕಥೆ ಅವುಗಳಲ್ಲಿದೆ. ದಿನಕ್ಕೊಂದೇ ಜಾಗ ಸಾಕು.

ಮೊದಲು ಗ್ರೇಟ್ ಫಾಲ್ಸ್ ಪಾರ್ಕ್. ಪೊಟೊಮ್ಯಾಕ್ ನದಿ ಇಲ್ಲಿ ಒಂದು ಮೈಲಿಗಿಂತ ಕಡಿಮೆ ದೂರದಲ್ಲಿ 76 ಅಡಿ ಇಳಿಯುತ್ತದೆ. ನಮ್ಮ ಜೋಗದ ಹಾಗೆ ಧುಮುಕುವುದಲ್ಲ, ಬಂಡೆಗಳ ನಡುವೆ ಮೆಟ್ಟಿಲಿಳಿದಂತೆ. ಇದನ್ನು ದೋಣಿ ದಾಟುವುದು ಹೇಗೆ? ಜಾರ್ಜ್ ವಾಷಿಂಗ್ಟನ್ ಅವರು ರಾಷ್ಟ್ರಾಧ್ಯಕ್ಷರಾಗುವ ಮೊದಲೇ, 1785ರಲ್ಲಿ, ಇದಕ್ಕಾಗಿ ಸ್ಥಾಪನೆಯಾದ ಕಂಪನಿಯ ಮುಖ್ಯಸ್ಥರಾದರು. ಜಲಪಾತದ ಪಕ್ಕದಲ್ಲಿ ಐದು ಲಾಕ್‌ಗಳಿರುವ ಕಾಲುವೆ ತೋಡಿದರು. ಬಂಡೆ ಒಡೆದವರಲ್ಲಿ ಗುಲಾಮರಾಗಿದ್ದ ಕಪ್ಪು ಜನರೂ ಇದ್ದರು. ಲಾಕ್ ಎಂದರೆ ಎರಡು ಕಡೆ ಬಾಗಿಲಿರುವ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ನೀರನ್ನು ಮೆಲ್ಲಗೆ ಹೊರಬಿಟ್ಟರೆ, ನೀರಿನೊಡನೆ ದೋಣಿಯೂ ಕೆಳಗಿಳಿಯುತ್ತದೆ. ಆಗ ಮುಂದಿನ ಬಾಗಿಲು ತೆರೆಯುತ್ತಾರೆ. ಮನೆಯ ಬಕೆಟ್ಟಿನಲ್ಲಿ ಕಾಗದದ ದೋಣಿ ಬಿಟ್ಟು, ಚೊಂಬಿನಿಂದ ನೀರು ತೆಗೆಯುತ್ತ ಹೋದರೆ ಪುಟ್ಟ ಮಕ್ಕಳಿಗೂ ಅರ್ಥವಾಗುತ್ತದೆ.

1802ರಲ್ಲಿ ಕೆಲಸ ಮುಗಿಯಿತು. ವಾಷಿಂಗ್ಟನ್ 1799ರಲ್ಲೇ ತೀರಿಕೊಂಡಿದ್ದರು. ಆದರೆ ವರ್ಷದ ಹೆಚ್ಚಿನ ಕಾಲ ನದಿಯಲ್ಲಿ ದೋಣಿಗೆ ಬೇಕಾದಷ್ಟು ನೀರೇ ಇರುತ್ತಿರಲಿಲ್ಲ; 1828ರಲ್ಲಿ ಕಂಪನಿಯ ಕಥೆ ಮುಗಿಯಿತು. ಕಾಡಿನೊಳಗೆ ಅದರ ಕಲ್ಲುಗೋಡೆಗಳು ಇಂದಿಗೂ ನಿಂತಿವೆ. ಹಾಗೆಯೇ 1936ರ ಪ್ರವಾಹ ಎಲ್ಲಿಯವರೆಗೆ ಏರಿತ್ತೆಂದು ತೋರಿಸುವ ಕಂಬವನ್ನೂ ನೋಡಿ, ತಲೆಯೆತ್ತಿ ನೋಡಬೇಕು! ಪೋಷಕರೇ, ಮಕ್ಕಳ ಕೈ ಬಿಡಬೇಡಿ. ನೀರಿಗಿಳಿಯುವುದು ನಿಷಿದ್ಧ, ಶಾಂತವಾಗಿ ಕಂಡರೂ ಒಳಗಿನ ಸೆಳವು ಪ್ರಾಣ ತೆಗೆಯುತ್ತದೆ.

ಎರಡನೆಯದಕ್ಕೆ ಕಾರೇ ಬೇಡ. ನಾವು ಸೈಕಲ್ ತುಳಿಯುವ 45 ಮೈಲಿಯ ಡಬ್ಲ್ಯು ಅಂಡ್ ಓಡಿ ಟ್ರೇಲ್ ಹಿಂದೆ ರೈಲುಮಾರ್ಗವಾಗಿತ್ತು. 1860ರಲ್ಲಿ ಅದು ಲೀಸ್‌ಬರ್ಗ್ ತಲುಪಿತು. ಆಗ ನಮ್ಮೂರಿನ ಹೆಸರು ಫಾರ್ಮ್‌ವೆಲ್. ಫಾರ್ಮ್‌ವೆಲ್ ಸ್ಟೇಷನ್ ಮಿಡ್ಲ್ ಸ್ಕೂಲಿನ ಮಕ್ಕಳೇ, ನಿಮ್ಮ ಶಾಲೆಯ ಹೆಸರಿನಲ್ಲಿ 'ಸ್ಟೇಷನ್' ಏಕಿದೆ ಎಂದು ಈಗ ಹೇಳಿ! ಉಗಿಬಂಡಿಗೆ ಕಡಿದಾದ ಏರು ಆಗದು, ಆದ್ದರಿಂದಲೇ ಈ ದಾರಿಯ ಏರಿಳಿತ ಇಷ್ಟು ನಯ. ಅಜ್ಜಿಯರೂ ಹಾಯಾಗಿ ನಡೆಯಬಹುದು. ಕಾರು, ಲಾರಿಗಳ ಮುಂದೆ ಸೋತು ರೈಲು 1968ರಲ್ಲಿ ನಿಂತಿತು. ಮತ್ತೆ ಆಶ್‌ಬರ್ನಿಗೆ ರೈಲು ಬಂದದ್ದು 2022ರ ನವೆಂಬರಿನಲ್ಲಿ, ಮೆಟ್ರೋ ಸಿಲ್ವರ್ ಲೈನ್ ರೂಪದಲ್ಲಿ.

ಮಳೆ ಬಂದ ದಿನಕ್ಕೆ ಶಾಂಟಿಲಿಯ ಉದ್ವರ್-ಹೇಜಿ ಸೆಂಟರ್ ಇರಲಿ. 2003ರಲ್ಲಿ ತೆರೆದ ಈ ವಿಮಾನ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ, ಪಾರ್ಕಿಂಗಿಗೆ ಮಾತ್ರ ಹಣ. ಬಾಗಿಲ ಬಳಿಯೇ ಕಾಣುವ ಕಪ್ಪು ಬ್ಲ್ಯಾಕ್‌ಬರ್ಡ್ ವಿಮಾನ 1990ರ ಮಾರ್ಚ್ 6ರಂದು ಲಾಸ್ ಏಂಜಲೀಸಿನಿಂದ ವಾಷಿಂಗ್ಟನ್ನಿಗೆ 64 ನಿಮಿಷಗಳಲ್ಲಿ ಹಾರಿತ್ತು. ಅದರ ಹಿಂದೆ, 39 ಬಾರಿ ಅಂತರಿಕ್ಷಕ್ಕೆ ಹೋಗಿಬಂದ ಡಿಸ್ಕವರಿ ನೌಕೆ. ಸುನೀತಾ ವಿಲಿಯಮ್ಸ್ 2006ರ ಡಿಸೆಂಬರಿನಲ್ಲಿ ಮೊದಲ ಬಾರಿ ಮೇಲೇರಿದ್ದು ಇದರಲ್ಲೇ. ಹೊರಮೈಯ ಹೆಂಚುಗಳನ್ನು ಹತ್ತಿರದಿಂದ ನೋಡಿ: ಸುಟ್ಟ ಗುರುತುಗಳಿವೆ, ಸಂಖ್ಯೆಗಳೂ ಇವೆ. ಭೂಮಿಗೆ ಮರಳುವಾಗಿನ ಬೆಂಕಿಯಂಥ ಕಾವನ್ನು ತಡೆದದ್ದು ಇವೇ. ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆಯ ರೆಕ್ಕೆಯ ಅಂಚಿಗೆ ಪೆಟ್ಟು ಬಿದ್ದು, 2003ರಲ್ಲಿ ಮರಳುವಾಗ ಆ ಕಾವು ಒಳನುಗ್ಗಿತು. ಏಳು ಮಂದಿಯೂ ಬದುಕುಳಿಯಲಿಲ್ಲ. ಮಕ್ಕಳಿಗೆ ಇದನ್ನು ಮುಚ್ಚಿಡದೆ ಹೇಳುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಮಕ್ಕಳೇ, ಈಗ ನಿಮಗೊಂದು ಮನೆಗೆಲಸ. ದೋಣಿ, ರೈಲು, ಅಂತರಿಕ್ಷ ನೌಕೆ ಮೂರೂ ನಿಂತವು, ಆದರೆ ಕಾರಣಗಳು ಬೇರೆ ಬೇರೆ. ಅವನ್ನು ಕನ್ನಡದಲ್ಲಿ ಬರೆಯಿರಿ. ಅಜ್ಜಿ ತಾತ ಮೊದಲು ಹತ್ತಿದ ರೈಲು ಯಾವುದು, ಎಲ್ಲಿಂದ ಎಲ್ಲಿಗೆ ಹೋಗಿತ್ತು ಎಂದು ಕೇಳಿ, ಅದನ್ನೂ ಸೇರಿಸಿ ರಜೆ ಮುಗಿದ ಮೊದಲ ತರಗತಿಗೆ ತನ್ನಿ.