ನಡುಮನೆಯ ಎರಡು ಗೆರೆಗಳು

ಅಂಗೈಯಗಲದ ಒಂದು ವಾಲ್ವಿನ ಮೇಲಿನ ತಗಡಿನ ಫಲಕದಲ್ಲಿ ಇರಬೇಕಾಗಿದ್ದ ಎರಡು ಗೆರೆಗಳು ಇಲ್ಲವೆಂಬುದನ್ನು ಕಂಡೂ ಲಕ್ಷಿಸದೆ ಹೋದುದರಿಂದ, ಮಾವಿನ ಸುಗ್ಗಿ ಮುಗಿದೊಡನೆ ಶ್ರೀನಿವಾಸಪುರದ ಕಡೆಯಿಂದ ಕೆಲಸವನ್ನರಸಿ ಮಾಲೂರಿಗೆ ಬಂದಿದ್ದ 19 ವರ್ಷದ ಹುಡುಗನೊಬ್ಬನು ತನ್ನ ಬಲಗೈ ನಡುಬೆರಳಿನ ತುದಿಯನ್ನು ಕಳೆದುಕೊಂಡನು. ಲಕ್ಷಿಸದೆ ಹೋದವನು ನಾನು. ಕಾರ್ಖಾನೆಯ ಕಡತದಲ್ಲಿ ಬೇರೆಯಾಗಿ ಬರೆದಿದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆ ಫಲಕದ ಗೆರೆಗಳು ಸರ್ಕ್ಯೂಟ್ ಡ್ರಾಯಿಂಗಿನ ಗುರುತುಗಳು. ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರದ ಈ ಡ್ರಾಯಿಂಗು ಯಂತ್ರದ ಚಿತ್ರವಲ್ಲ. ವಾಲ್ವು ಎಷ್ಟು ದೊಡ್ಡದು, ಎಲ್ಲಿ ಕುಳಿತಿದೆ ಎಂಬುದನ್ನು ಅದು ಹೇಳುವುದಿಲ್ಲ. ಯಾವ ಗಳಿಗೆಯಲ್ಲಿ ಎಣ್ಣೆ ಎಲ್ಲಿಂದ ಎಲ್ಲಿಗೆ ಹೋಗಬಲ್ಲುದು, ಎಲ್ಲಿ ತಡೆಯಲ್ಪಡುತ್ತದೆ ಎಂಬುದಷ್ಟನ್ನೇ ಹೇಳುತ್ತದೆ. ಮೂರು ಸ್ಥಿತಿಗಳ ವಾಲ್ವಿಗೆ ಚೌಕಾಬಾರದ ಮನೆಗಳಂತೆ ಒತ್ತೊತ್ತಾಗಿ ಮೂರು ಚೌಕಗಳಿರುತ್ತವೆ. ಪಿ ಎಂದರೆ ಪಂಪಿನ ಒತ್ತಡ, ಟಿ ಎಂದರೆ ಟ್ಯಾಂಕು, ಎ ಮತ್ತು ಬಿ ಎಂದರೆ ಸಿಲಿಂಡರಿನ ಎರಡು ಕೊನೆಗಳು. ಬಾಣವಿದ್ದಲ್ಲಿ ದಾರಿಯುಂಟು, ಅಡ್ಡಗೆರೆಯಿದ್ದಲ್ಲಿ ದಾರಿಯಿಲ್ಲ. ಎರಡೂ ಕಾಯಿಲುಗಳಿಗೆ ಕರೆಂಟು ತಪ್ಪಿದಾಗ ಸ್ಪ್ರಿಂಗುಗಳು ವಾಲ್ವಿನೊಳಗೆ ಜಾರುವ ದಂಡವನ್ನು, ಅಂದರೆ ಸ್ಪೂಲನ್ನು, ತಂದು ನಿಲ್ಲಿಸುವ ಸ್ಥಿತಿಯೇ ನಡುಮನೆ. ಡ್ರಾಯಿಂಗಿನಲ್ಲಿ ಹೊರಗಣ ಗೆರೆಗಳೆಲ್ಲವೂ ಬಂದು ಸೇರುವುದು ಈ ಮನೆಗೇ. ತುಂಬಿದ ತ್ರಿಕೋಣ ಎಣ್ಣೆಯ ಗುರುತು, ಪೊಳ್ಳು ತ್ರಿಕೋಣ ಗಾಳಿಯದು. ನಮ್ಮ ತಂದೆಯವರು ಕೆಜಿಎಫ್‌ನ ಚಾಂಪಿಯನ್ ರೀಫಿನಲ್ಲಿ, ಗಣಿಗಳು 2001ರಲ್ಲಿ ಮುಚ್ಚುವವರೆಗೂ, ಗಾಳಿಯ ಡ್ರಿಲ್ಲನ್ನು ಹಿಡಿದು ಬಂಡೆ ಕೊರೆದವರು. ಒಂದು ಡ್ರಾಯಿಂಗನ್ನೂ ಕಾಣದೆ, ಹೋಸಿನ ಸದ್ದಿನಿಂದಲೇ ಒತ್ತಡವನ್ನು ಹೇಳಬಲ್ಲವರಾಗಿದ್ದರು. ಕೈಗೆ ಕಲಿತ ವಿದ್ಯೆಯೇ ಸಾಕೆಂಬ ಹಠ ನನಗೆ ಬಂದದ್ದು ಅವರಿಂದಲೇ ಎಂದು ಈಗ ತೋರುತ್ತದೆ. ಗಾಳಿಯಿಂದ ಸುತ್ತಿಗೆ ಬಡಿದು, ಎಣ್ಣೆಯಿಂದ ರಾಡು ತಿರುಗಿಸುವ ನಮ್ಮ ಜಿಲ್ಲೆಯ ಬೋರ್‌ವೆಲ್ ಲಾರಿಗಳಲ್ಲಿಯೂ ನಾನು ಐದು ವರ್ಷ ಹಾಗೆಯೇ ದುಡಿದೆನು, ಅಲ್ಲಿ ನಡೆದುಹೋಯಿತು.

ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಿಲುವಿನ ಪ್ರೆಸ್ಸೊಂದು ನನ್ನ ಉಸ್ತುವಾರಿಗೆ ಬಂದಿತು. ಅದರ ಸ್ಲೈಡಿನ ತೂಕ ಸುಮಾರು 2 ಟನ್. ಸ್ಲೈಡನ್ನು ಮೇಲೆ ಹಿಡಿದಿಡುತ್ತಿದ್ದುದು ಸಿಲಿಂಡರಿನ ಕೆಳಮಗ್ಗುಲಿನ ಬಿ ದಾರಿಯಲ್ಲಿದ್ದ ಪೈಲಟ್ ಚೆಕ್ ವಾಲ್ವು. ಡ್ರಾಯಿಂಗಿನಲ್ಲಿ ಇದು ಪೀಠದ ಮೇಲೆ ಕುಳಿತ ಒಂದು ಗುಂಡು. ಎ ದಾರಿಯಿಂದ ಕವಲೊಡೆದ ತುಂಡುಗೆರೆಯೊಂದು ಬಂದು ಅದನ್ನು ಮುಟ್ಟುತ್ತದೆ. ತುಂಡುಗೆರೆ ಎಂದರೆ ಆಜ್ಞೆ: ಎ ಕಡೆಗೆ ಒತ್ತಡ ಬಂದಾಗ ಗುಂಡು ಮೇಲೆದ್ದು ಸ್ಲೈಡು ಇಳಿಯಲು ಬಿಡುತ್ತದೆ, ಒತ್ತಡ ಹೋದಾಗ ಗುಂಡು ಕೂರುತ್ತದೆ, ಸ್ಲೈಡು ನಿಲ್ಲುತ್ತದೆ.

ರಾತ್ರಿ ಪಾಳಿಯಲ್ಲಿ ಸ್ಪೂಲು ಕಚ್ಚಿಕೊಂಡಿತು. ಸ್ಟೋರಿನಲ್ಲಿ ಹಳೆಯದೇ ತಯಾರಿಕೆಯ ವಾಲ್ವೊಂದು ದೊರೆಯಿತು: ಅದೇ ಅಳತೆ, ಅವೇ 24 ವೋಲ್ಟಿನ ಕಾಯಿಲುಗಳು, ಐಎಸ್‌ಒ 4401ರ ನಿಯಮದಂತೆ ಕೂರುವ ಮುಖವೂ ಅದೇ. ಬೋಲ್ಟುಗಳು ಸರಾಗವಾಗಿ ಕುಳಿತವು, ಇನ್ನೂ ಬಿಗಿದಿರಲಿಲ್ಲ. ಆ ಅಳತೆಯ ಯಾವ ವಾಲ್ವಾದರೂ ಆ ಮುಖದ ಮೇಲೆ ಕೂರಬಲ್ಲುದೆಂಬುದೇ ಅಪಾಯವೆಂದು ನನಗೆ ಹೊಳೆಯಲಿಲ್ಲ. ಟಾರ್ಚು ಹಿಡಿದು ನಿಂತಿದ್ದ ಹುಡುಗನು ಎರಡು ಫಲಕಗಳನ್ನೂ ನೋಡಿ ಹೇಳಿದನು: “ಅಣ್ಣಾ, ಹಳೇದ್ರಲ್ಲಿ ನಡೂ ಮನೇಲಿ ಎರಡು ಗೆರೆ ಕೆಳಕ್ಕೆ ಟೀಗೆ ಇಳಿದವೆ. ಇದ್ರಾಗೆ ಎಲ್ಲಾ ಮುಚ್ಚೈತೆ.”

“ಮುಚ್ಚಿದ್ರೆ ಒಳ್ಳೇದೇ ಅಲ್ಲೇನೋ, ಎಣ್ಣೆ ಎಲ್ಲಿಗೂ ಹೋಗಲ್ಲ. ನೀನು ಟಾರ್ಚ್ ಸರಿಯಾಗಿ ಹಿಡಿ” ಎಂದು ಗದರಿದೆನು.

ಮೂರು ಬಾರಿ ಸ್ಲೈಡನ್ನು ಏರಿಸಿ ಇಳಿಸಿದೆವು. ಸರಿಯಾಗಿತ್ತು. ನಾಲ್ಕನೆಯ ಬಾರಿ ಇಳಿಯುವಾಗ ಡೈಯೊಳಗೆ ತಗಡಿನ ಚೂರೊಂದು ಓರೆಯಾಗಿರುವುದು ಕಾಣಿಸಿ, ಸ್ಲೈಡನ್ನು ಅರ್ಧದಲ್ಲಿಯೇ ನಿಲ್ಲಿಸಿದೆನು. ಅದನ್ನು ಪೂರ್ತಿ ಮೇಲೆತ್ತಿಸಿ, ಉಕ್ಕಿನ ಊರೆಗಂಬವನ್ನು ಇಡಿಸಿ, ಆಮೇಲೆ ಹುಡುಗನನ್ನು ಕೈಹಾಕಲು ಬಿಡಬೇಕಾಗಿತ್ತು. ಕಂಬವು ಗೋಡೆಗೆ ಒರಗಿತ್ತು. ಪಾಳಿ ಮುಗಿಯಲು ಅರ್ಧ ಗಂಟೆಯಿತ್ತು. ನಾನು ಪ್ಯಾನೆಲಿನ ಕಡೆಗೆ ತಿರುಗಿದೆನು. ಮತ್ತೆ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಹುಡುಗನಲ್ಲ, ಸಿಲಿಂಡರಿನ ರಾಡು: ಕ್ರೋಮಿನ ಮೇಲೆ ಸೀಲಿನ ಅಂಚಿನಲ್ಲಿದ್ದ ಎಣ್ಣೆಯ ತೆಳುಗೆರೆಯು ಮೂರು ಬೆರಳಿನಷ್ಟು ಕೆಳಗೆ ಬಂದಿತ್ತು. ಸದ್ದಿಲ್ಲ, ಅದುರಿಲ್ಲ. 2 ಟನ್ನಿನ ಕಬ್ಬಿಣವು ಬಾವಿಯೊಳಕ್ಕೆ ಬಿಟ್ಟ ಕೊಡದಂತೆ ನಿಧಾನವಾಗಿ ಇಳಿಯುತ್ತಲೇ ಇದ್ದಿತು. ಹುಡುಗನೋ ತಲೆ ಬಗ್ಗಿಸಿ, ಚೂರನ್ನು ಮೀಟುತ್ತಲೇ ಇದ್ದನು. ಕೂಗಿದೆನು, ಕಂಪ್ರೆಸರಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಕೆಂಪು ಗುಂಡಿಯನ್ನು ಒತ್ತಿದೆನು. ಮೋಟರು ನಿಂತಿತು, ಸ್ಲೈಡು ನಿಲ್ಲಲಿಲ್ಲ. ಗುಂಡಿ ಒತ್ತಿದ ಮೇಲೂ ಇಳಿಯುತ್ತಿರುವ ಯಂತ್ರವನ್ನು ನೋಡುತ್ತ ನಿಂತ ಆ ಎರಡು ಮೂರು ಕ್ಷಣಗಳ ನಿಸ್ಸಹಾಯತೆಯನ್ನು ವರ್ಣಿಸಲು ನನ್ನಲ್ಲಿ ಮಾತಿಲ್ಲ. ಅವು ಇಂದಿಗೂ ನಿದ್ದೆಯಲ್ಲಿ ಬರುತ್ತವೆ. ಅವನು ಕೈ ಸೆಳೆದುಕೊಂಡನು, ಆದರೆ ಗ್ಲೌಸಿನ ತುದಿ ಸಿಕ್ಕಿಕೊಂಡಿತು. ಅವನ ಕೂಗು ಕೇಳಿದ ಮೇಲೆಯೇ ನನ್ನ ಕೈ ಒತ್ತಡದ ಎಣ್ಣೆಯನ್ನು ಕೂಡಿಟ್ಟುಕೊಳ್ಳುವ ಅಕ್ಯುಮುಲೇಟರಿನ ಕೆಳಗಿನ ಡ್ರೇನ್ ವಾಲ್ವಿಗೆ ಹೋಯಿತು. ಎಣ್ಣೆಯು ಸುಯ್ಯೆಂದು ಟ್ಯಾಂಕಿಗೆ ಹರಿದೊಡನೆ ಸ್ಲೈಡು ನಿಂತಿತು. ಲಾರಿಯ ಜಾಕಿಯಿಂದ ಅದನ್ನೆತ್ತಿ ಬೆರಳನ್ನು ಬಿಡಿಸಿದೆವು. ಕೋಲಾರದ ಆಸ್ಪತ್ರೆಯನ್ನು ತಲಪುವಾಗ ಬೆಳಗಾಗಿತ್ತು.

ಏಕೆ ಹಾಗಾಯಿತೆಂಬುದು ಒಂದು ವಾರದ ಬಳಿಕ ಡ್ರಾಯಿಂಗು ಕೈಗೆ ಬಂದಾಗ ತಿಳಿಯಿತು. ಹಳೆಯ ವಾಲ್ವಿನ ನಡುಮನೆಯಲ್ಲಿ ಪಿ ಒಂದೇ ಮುಚ್ಚಿದ್ದು, ಎ, ಬಿ ಎರಡೂ ಟ್ಯಾಂಕಿಗೆ ತೆರೆದಿದ್ದವು; ಸ್ಪೂಲು ನಡುವಿಗೆ ಬಂದೊಡನೆ ಎ ದಾರಿಯ ಒತ್ತಡ ಇಳಿದು, ತುಂಡುಗೆರೆಯ ಆಜ್ಞೆ ಅಳಿದು, ಗುಂಡು ಕುಳಿತುಬಿಡುತ್ತಿತ್ತು. ನಾನು ಹಾಕಿದ ವಾಲ್ವಿನಲ್ಲಿ ಎಲ್ಲವೂ ಮುಚ್ಚಿದ್ದುದರಿಂದ, ಅರ್ಧದಲ್ಲಿ ನಿಲ್ಲಿಸಿದಾಗ ಎ ದಾರಿಯ ಒತ್ತಡವು ಅಲ್ಲಿಯೇ ಸೆರೆಯಾಗಿ ಗುಂಡನ್ನು ಎತ್ತಿಹಿಡಿಯಿತು. ಸ್ಪೂಲಿನ ಸುತ್ತ ಎಷ್ಟೇ ನಯವಾದ ವಾಲ್ವಿನಲ್ಲಿಯೂ ಕೂದಲೆಳೆಯ ಸಂದಿರುತ್ತದೆ: ಪಿಯಿಂದ ಎಗೆ ಎಣ್ಣೆ ಜಿನುಗಿ ಆ ಆಜ್ಞೆಯನ್ನು ಪೋಷಿಸುತ್ತಿತ್ತು, ಬಿಯಿಂದ ಟ್ಯಾಂಕಿಗೆ ಜಿನುಗಿ ಸ್ಲೈಡು ಇಳಿಯುತ್ತಿತ್ತು. ಮೋಟರು ನಿಂತ ಮೇಲೆ ಪಿಗೆ ಒತ್ತಡವಿತ್ತದ್ದು ಅಕ್ಯುಮುಲೇಟರು, ಅಂದರೆ ಡ್ರಾಯಿಂಗಿನಲ್ಲಿ ನೆಟ್ಟಗೆ ನಿಂತ ಮಾತ್ರೆಯಂತಹ ಆ ಆಕೃತಿ. ಮುಚ್ಚಿದ್ದೆಲ್ಲ ಕ್ಷೇಮವೆಂದು ನಾನು ತಿಳಿದಿದ್ದೆನು. ಇಲ್ಲಿ ತೆರೆದ ಎರಡು ದಾರಿಗಳೇ ರಕ್ಷಣೆಯಾಗಿದ್ದವು.

ಆ ಡ್ರಾಯಿಂಗನ್ನು ನಾನು ಕೇಳದೆ ಇದ್ದವನಲ್ಲ. ಮೂರು ಸಲ ಕೇಳಿದ್ದೆನು. ನಮ್ಮ ಮೇಲಧಿಕಾರಿಗಳು ಅದನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿ, “ಫಿಟ್ಟರ್‌ಗೆ ಯಾಕ್ರೀ ಡ್ರಾಯಿಂಗು, ಎಣ್ಣೆ ಕೈಲಿ ಹಾಳಾಗುತ್ತೆ” ಎಂದಿದ್ದರು. ಯಂತ್ರದ ಬಳಿ ಇರಬೇಕಾದ ಕಾಗದವನ್ನು ಬೀರುವಿನಲ್ಲಿಟ್ಟವರನ್ನು ನಾನು ಕ್ಷಮಿಸಲಾರೆ. ಆದರೆ ಆ ರಾತ್ರಿ ಫಲಕವು ಕಣ್ಣೆದುರಿಗೇ ಇತ್ತು; ಅದಕ್ಕೆ ಬೀಗವಿರಲಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಹೇಳಬಹುದಾದದ್ದು ಸ್ವಲ್ಪವೇ. ವಾಲ್ವು ಬದಲಿಸುವಾಗ ಬೋಲ್ಟಿನ ರಂಧ್ರಗಳಿಗಿಂತ ಮೊದಲು ನಡುಮನೆಯನ್ನು ಹೋಲಿಸಿರಿ. ಪ್ರತಿಯೊಂದು ತುಂಡುಗೆರೆಯ ಮೇಲೂ ಬೆರಳಿಟ್ಟು, ಅದಕ್ಕೆ ಒತ್ತಡ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಿ ಅಳಿಯುತ್ತದೆ ಎಂದು ಕೇಳಿಕೊಳ್ಳಿರಿ. ಎರಡು ಗೆರೆಗಳು ಹಾಯುವಲ್ಲಿ ಚುಕ್ಕೆಯಿದ್ದರೆ ಸೇರುತ್ತವೆ, ಇಲ್ಲದಿದ್ದರೆ ಇಲ್ಲ. ಅಕ್ಯುಮುಲೇಟರಿದ್ದಲ್ಲಿ ಮೋಟರು ನಿಂತ ಮಾತ್ರಕ್ಕೆ ಯಂತ್ರವು ನಿಂತಿತೆಂದು ನಂಬದಿರಿ, ಊರೆಗಂಬವಿಡದೆ ಕೈಯಿಡದಿರಿ.

ತನಿಖೆಯ ವರದಿಯಲ್ಲಿ ಕಾರಣವೆಂದು ಬರೆದದ್ದು “ಕಾರ್ಮಿಕನ ಅಜಾಗರೂಕತೆ” ಎಂಬ ಎರಡೇ ಶಬ್ದ. ತಿದ್ದಬೇಕೆಂದು ನಾನು ಕೊಟ್ಟ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತೇನೆ: ವಾಲ್ವಿನ ಬೋಲ್ಟುಗಳನ್ನು ಬಿಗಿಯುವ ಮೊದಲೇ, ನಡುಮನೆಯ ಎರಡು ಗೆರೆಗಳು ಇಲ್ಲವೆಂದು ಆ ಹುಡುಗನು ನನಗೆ ಹೇಳಿದ್ದನು.