ಬೆಕ್ಕಿನ ಬೊಜ್ಜು: ಹಸಿವೆಗೆ ಕೆಡವದೆ ತೂಕ ಇಳಿಸುವುದು ಹೇಗೆ?

ಬೆಕ್ಕು ಸಾಕಿದ ಮನೆಗಳಲ್ಲಿ ಅತಿಥಿಗಳಿಗೆ ಹೆಮ್ಮೆಯಿಂದ ತೋರಿಸುವ ಸಂಗತಿಗಳಲ್ಲಿ ಬೆಕ್ಕಿನ ದಪ್ಪವೂ ಒಂದು. "ನೋಡಿ, ಎಷ್ಟು ಚೆನ್ನಾಗಿ ತಿಂದು ಬೆಳೆದಿದೆ!" ಎಂದು ಎತ್ತಿ ತೋರಿಸುತ್ತಾರೆ. ಎತ್ತುವವರ ಕೈ ಸೋಲುತ್ತದೆ, ಬೆಕ್ಕು ಎರಡು ಹೆಜ್ಜೆ ನಡೆದು ಮತ್ತೆ ಸೋಫಾದ ಮೇಲೆ ಬೀಳುತ್ತದೆ. ಅದು ಆರೋಗ್ಯದ ಲಕ್ಷಣವೆಂದು ನಾವು ನಂಬಿದ್ದೇವೆ. ನಿಜವಾಗಿ ಅದು ಸಕ್ಕರೆ ಕಾಯಿಲೆ, ಕೀಲು ನೋವು ಮತ್ತು ಮೂತ್ರದ ತೊಂದರೆಗಳಿಗೆ ತೆರೆದಿಟ್ಟ ಬಾಗಿಲು.

ನಮ್ಮ ಸಮುದಾಯದಲ್ಲಿ ಬೆಕ್ಕಿಗೆ ಇರುವ ಪ್ರೀತಿ ಹೊಸದಲ್ಲ. ಹ. ಅಬೂ ಹುರೈರಾ(ರ) ಅವರ ಹೆಸರೇ ಬೆಕ್ಕಿನ ಮರಿಯಿಂದ ಬಂದದ್ದು. ಬೆಕ್ಕು ಬಾಯಿ ಹಾಕಿದ ನೀರು ಅಶುದ್ಧವಲ್ಲ, ಅದು ನಿಮ್ಮ ನಡುವೆ ಓಡಾಡಿಕೊಂಡಿರುವ ಜೀವಿ ಎಂಬರ್ಥದ ಹದೀಸನ್ನು ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿ ಕಾಣುತ್ತೇವೆ. ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆ ಶಿಕ್ಷೆಗೆ ಗುರಿಯಾದ ವಿಷಯ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಇದನ್ನು ಕೇಳಿ ಬೆಳೆದ ನಾವು ಬೆಕ್ಕು 'ಮ್ಯಾವ್' ಎಂದ ಕೂಡಲೇ ತಟ್ಟೆ ತುಂಬಿಸುತ್ತೇವೆ. ಆದರೆ ಆ ಹದೀಸಿನಲ್ಲಿ ಇನ್ನೊಂದು ವಿಷಯವೂ ಅಡಗಿದೆ. ನಾವು ಕೂಡಿಹಾಕಿದ ಪ್ರಾಣಿ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದನ್ನು ಅದು ತಾನೇ ತೀರ್ಮಾನಿಸಲಾರದು. ಆ ಹೊಣೆ ನಮ್ಮದಾಗುತ್ತದೆ. ಫ್ಲಾಟಿನ ಬಾಗಿಲು ಮುಚ್ಚಿ ಸಾಕಿದ ಬೆಕ್ಕಿನ ಹಸಿವು ಹೇಗೆ ನಮ್ಮ ಕೈಯಲ್ಲಿದೆಯೋ ಹಾಗೆಯೇ ಅದರ ಬೊಜ್ಜು ಕೂಡ.

ಮೊದಲು, ನಿಮ್ಮ ಬೆಕ್ಕು ನಿಜವಾಗಿಯೂ ದಪ್ಪವೇ ಎಂದು ನೋಡಿ. ಸಾಧಾರಣ ನಾಡಬೆಕ್ಕು ಮೂರೂವರೆಯಿಂದ ಐದು ಕಿಲೋ ಇರುತ್ತದೆ. ಪರ್ಷಿಯನ್ ಬೆಕ್ಕಿನ ಕೂದಲು ಕಣ್ಣಿಗೆ ಮೋಸ ಮಾಡುವುದರಿಂದ ಕೈಯಿಂದಲೇ ಪರೀಕ್ಷಿಸಬೇಕು. ನಿಮ್ಮ ಎಡಗೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಚಾಚಿ, ಬಲಗೈ ಬೆರಳಿನಿಂದ ಅದರ ಹಿಂಭಾಗವನ್ನು ಸವರಿ. ತೆಳು ಚರ್ಮದ ಕೆಳಗೆ ಮೂಳೆಗಳು ಸಿಗುತ್ತವಲ್ಲ, ಸರಿಯಾದ ತೂಕದ ಬೆಕ್ಕಿನ ಪಕ್ಕೆಲುಬು ಹಾಗೆ ಸಿಗಬೇಕು. ಈಗ ಕೈ ತಿರುಗಿಸಿ ಅಂಗೈಯ ಉಬ್ಬನ್ನು ಒತ್ತಿ ನೋಡಿ. ಪಕ್ಕೆಲುಬು ಅಷ್ಟು ಆಳದಲ್ಲಿದ್ದರೆ ಅದು ಬೊಜ್ಜು. ಬೆಕ್ಕು ನಿಂತಿರುವಾಗ ಮೇಲಿನಿಂದ ನೋಡಿದರೆ ಪಕ್ಕೆಲುಬಿನ ಹಿಂದೆ ಸ್ವಲ್ಪ ಸೊಂಟ ಕಾಣಬೇಕು. ಹೊಟ್ಟೆಯ ಕೆಳಗೆ ಜೋತಾಡುವ ಸಡಿಲ ಚರ್ಮದ ಚೀಲ ತೆಳು ಬೆಕ್ಕುಗಳಲ್ಲೂ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ.

ನಮ್ಮ ಪುಟಗಳ ಓದುಗರಿಗೆ ಇನ್ನೊಂದು ಗುರುತೂ ಉಪಯೋಗಕ್ಕೆ ಬರಬಹುದು. ಬೆಕ್ಕು ಸ್ವಚ್ಛತಾಪ್ರಿಯ ಪ್ರಾಣಿ. ಎಚ್ಚರವಿರುವ ಹೊತ್ತಿನಲ್ಲಿ ಆಗಾಗ ಮೈ ನೆಕ್ಕಿಕೊಳ್ಳುತ್ತಿರುತ್ತದೆ. ಬೊಜ್ಜು ಬಂದ ಬೆಕ್ಕಿಗೆ ಬೆನ್ನಿನ ಹಿಂಭಾಗ, ಬಾಲದ ಬುಡ ಎಟುಕುವುದಿಲ್ಲ. ಅಲ್ಲಿ ಕೂದಲು ಗಂಟು ಕಟ್ಟುತ್ತದೆ, ಮಲ ಅಂಟಿಕೊಂಡೇ ಉಳಿಯುತ್ತದೆ. ಆ ಬೆಕ್ಕು ಮುಸಲ್ಲಾದ ಮೇಲೆ ಬಂದು ಕುಳಿತರೆ ಮನೆಯ ಹೆಂಗಸರಿಗೆ ಮತ್ತೆ ಮತ್ತೆ ತೊಳೆಯುವ ಕೆಲಸ. "ನಮ್ಮ ಬೆಕ್ಕು ಈಚೆಗೆ ಗಲೀಜು ಮಾಡುತ್ತಿದೆ" ಎಂದು ಗದರಿಸುವ ಮುನ್ನ ಅದರ ಸೊಂಟ ನೋಡಿ.

ಇನ್ನು ಅತಿ ಮುಖ್ಯವಾದ ಎಚ್ಚರಿಕೆ. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ದಪ್ಪ ಬೆಕ್ಕನ್ನು ಎಂದಿಗೂ ಉಪವಾಸ ಕೆಡವಬಾರದು. ಮನುಷ್ಯ ಒಂದು ತಿಂಗಳು ಹಗಲು ಹೊತ್ತು ಉಪವಾಸವಿದ್ದು ಆರೋಗ್ಯವಾಗಿರುತ್ತಾನೆ, ನಾಯಿ ಒಂದು ದಿನ ತಿನ್ನದಿದ್ದರೂ ತಡೆದುಕೊಳ್ಳುತ್ತದೆ. ಬೆಕ್ಕಿನ ದೇಹ ಹಾಗಲ್ಲ. ಆಹಾರ ನಿಂತ ಕೂಡಲೇ ಅದರ ಮೈಯ ಕೊಬ್ಬು ಕರಗಿ ರಾಶಿ ರಾಶಿಯಾಗಿ ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಅದನ್ನು ಅಷ್ಟು ಬೇಗ ಬಳಸಲಾರದೆ ತಾನೇ ಕೊಬ್ಬಿನ ಮುದ್ದೆಯಾಗುತ್ತದೆ. ವೈದ್ಯರು ಇದನ್ನು ಹೆಪಾಟಿಕ್ ಲಿಪಿಡೋಸಿಸ್ ಎನ್ನುತ್ತಾರೆ. ಬೆಕ್ಕು ದಪ್ಪವಿದ್ದಷ್ಟೂ ಅಪಾಯ ಹೆಚ್ಚು. ಕೆಲವೇ ದಿನ ಏನೂ ತಿನ್ನದಿದ್ದರೆ ಇದು ಶುರುವಾಗಬಹುದು. ಕಿವಿಯ ಒಳಭಾಗ, ಒಸಡು, ಕಣ್ಣಿನ ಬಿಳಿ ಭಾಗ ಹಳದಿಯಾಗುವುದು, ವಾಂತಿ, ಮಂಕು ಇದರ ಲಕ್ಷಣಗಳು. ಆಮೇಲೆ ನಳಿಕೆ ಹಾಕಿ ವಾರಗಟ್ಟಲೆ ಉಣಿಸಬೇಕಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಬೆಕ್ಕು ಉಳಿಯುವುದು ಕಷ್ಟ. "ಎರಡು ದಿನ ಹಸಿದರೆ ತಾನೇ ತಿನ್ನುತ್ತದೆ" ಎಂಬ ಮಾತು ಬೆಕ್ಕಿನ ವಿಷಯದಲ್ಲಿ ಕೊಲೆಗೆ ಸಮಾನ. ಬೆಕ್ಕು 24 ಗಂಟೆ ಏನೂ ಮುಟ್ಟದಿದ್ದರೆ ಪಶುವೈದ್ಯರನ್ನು ಕೇಳಿ.

ಹಾಗಾದರೆ ಇಳಿಸುವುದು ಹೇಗೆ? ಅಳತೆಯಿಂದ, ನಿಧಾನವಾಗಿ. ವಾರಕ್ಕೆ ದೇಹತೂಕದ ನೂರಕ್ಕೆ ಒಂದು ಭಾಗ ಇಳಿದರೆ ಸಾಕು. ಎರಡು ಭಾಗ ದಾಟಲೇಬಾರದು. ಆರು ಕಿಲೋ ಬೆಕ್ಕಿಗೆ ಅದು ವಾರಕ್ಕೆ ಬರೀ 60 ಗ್ರಾಂ. ಒಂದೂವರೆ ಕಿಲೋ ಇಳಿಸಲು ಆರೇಳು ತಿಂಗಳು ಬೇಕು. ತಾಳ್ಮೆಯಿಲ್ಲದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು.

ಶುರು ಮಾಡುವ ಮುಂಚೆ ಒಮ್ಮೆ ವೈದ್ಯರಿಗೆ ತೋರಿಸಿ. ಹೊಟ್ಟೆ ದಪ್ಪವಾಗಿರುವುದು ಗರ್ಭದಿಂದಲೋ ಹೊಟ್ಟೆಯಲ್ಲಿ ನೀರು ತುಂಬಿಯೋ ಇರಬಹುದು. ಮರಿಗಳಿಗೆ, ಗಬ್ಬದ ಬೆಕ್ಕಿಗೆ, ಹಾಲೂಡಿಸುವ ಬೆಕ್ಕಿಗೆ ಆಹಾರ ಕಡಿಮೆ ಮಾಡುವಂತಿಲ್ಲ. ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿನ ಊಟವನ್ನು ನಿಮ್ಮಷ್ಟಕ್ಕೆ ಬದಲಿಸಿದರೆ ಸಕ್ಕರೆ ಅಂಶ ಕುಸಿದು ಜೀವಕ್ಕೆ ಕುತ್ತು ಬರಬಹುದು.

ಈಗ ಲೆಕ್ಕ. ಇದಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಬೆಕ್ಕಿನ ಈಗಿನ ತೂಕವನ್ನಲ್ಲ, ಅದು ಇರಬೇಕಾದ ತೂಕವನ್ನು ತೆಗೆದುಕೊಳ್ಳಿ, ವೈದ್ಯರು ಹೇಳುತ್ತಾರೆ. ಆರು ಕಿಲೋ ಬೆಕ್ಕು ನಾಲ್ಕೂವರೆ ಕಿಲೋ ಇರಬೇಕಿತ್ತು ಎಂದುಕೊಳ್ಳೋಣ. 4.5ನ್ನು ಮೂರು ಸಲ ಗುಣಿಸಿದರೆ 91 ಚಿಲ್ಲರೆ. ಅದರ ವರ್ಗಮೂಲ, ಅದರ ಮತ್ತೊಂದು ವರ್ಗಮೂಲ ತೆಗೆದರೆ ಸುಮಾರು 3.09. ಅದನ್ನು 70ರಿಂದ ಗುಣಿಸಿದರೆ 216. ಆ ತೂಕದ ಬೆಕ್ಕು ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾಗುವ ಕ್ಯಾಲೊರಿ ಅದು. ತೂಕ ಇಳಿಸಲು ಅದರ ನೂರಕ್ಕೆ 80 ಭಾಗದಿಂದ, ಅಂದರೆ ಸುಮಾರು 173 ಕ್ಯಾಲೊರಿಯಿಂದ ಆರಂಭಿಸುವುದು ಪಶುವೈದ್ಯರ ರೂಢಿ. ಈಗ ನಿಮ್ಮ ಬೆಕ್ಕು ಇದರ ದುಪ್ಪಟ್ಟು ತಿನ್ನುತ್ತಿದ್ದರೆ ಒಂದೇ ದಿನದಲ್ಲಿ ಇಷ್ಟಕ್ಕೆ ಇಳಿಸಬೇಡಿ. ಎರಡು ಮೂರು ವಾರಗಳಲ್ಲಿ ಹಂತ ಹಂತವಾಗಿ ಬನ್ನಿ.

173 ಕ್ಯಾಲೊರಿ ಎಂದರೆ ಎಷ್ಟು? ಅಂಗಡಿಯ ಒಣ ಆಹಾರ 100 ಗ್ರಾಂಗೆ 350ರಿಂದ 400 ಕ್ಯಾಲೊರಿ ಕೊಡುತ್ತದೆ. ಎಂದರೆ ದಿನಕ್ಕೆ 45ರಿಂದ 50 ಗ್ರಾಂ ಅಷ್ಟೇ. ಒಮ್ಮೆ ತಕ್ಕಡಿಯಲ್ಲಿ ತೂಗಿ ನೋಡಿ, ಎಷ್ಟು ಸ್ವಲ್ಪ ಎಂದು ನಿಮಗೇ ಅಚ್ಚರಿಯಾಗುತ್ತದೆ. ಲೋಟದಿಂದ, ಮುಷ್ಟಿಯಿಂದ ಅಳೆದರೆ ಪ್ರತಿ ಸಲವೂ ಹೆಚ್ಚು ಕಡಿಮೆಯಾಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು. ಪ್ಯಾಕೆಟ್ಟಿನ ಮೇಲಿನ ಪಟ್ಟಿಯಲ್ಲಿ ಬೆಕ್ಕಿನ ಈಗಿನ ತೂಕ ನೋಡಿ ಹಾಕುತ್ತಾ ಹೋದರೆ ಬೊಜ್ಜಿಗೇ ಉಣಿಸಿದಂತಾಗುತ್ತದೆ.

ಈಗ ಇದರ ಪಕ್ಕದಲ್ಲಿ ನಮ್ಮ ಅಡುಗೆಮನೆಯ ಪ್ರೀತಿಯನ್ನು ಇಟ್ಟು ನೋಡಿ. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ 60ಕ್ಕೂ ಹೆಚ್ಚು ಕ್ಯಾಲೊರಿ ಇದೆ, ಎಂದರೆ ದಿನದ ಊಟದ ಮೂರನೇ ಒಂದು ಭಾಗ. ಎಮ್ಮೆ ಹಾಲಾದರೆ ಇನ್ನೂ ಹೆಚ್ಚು. ದೊಡ್ಡ ಬೆಕ್ಕುಗಳಿಗೆ ಹಾಲು ಬೇಕಾಗಿಯೂ ಇಲ್ಲ, ಬಹಳಷ್ಟಕ್ಕೆ ಅದು ಜೀರ್ಣವೂ ಆಗುವುದಿಲ್ಲ. ಒಂದು ಚಿಕ್ಕ ಚಮಚ ತುಪ್ಪ 40 ಕ್ಯಾಲೊರಿ. ಪಾಯಸದ ಬಟ್ಟಲು ನೆಕ್ಕುವ ಬೆಕ್ಕನ್ನು ನೋಡಿ "ಸಿಹಿ ಎಂದರೆ ಇದಕ್ಕೆ ಪ್ರಾಣ" ಎನ್ನುತ್ತೇವೆ. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ಆ ರುಚಿ ಹಿಡಿಯುವ ಶಕ್ತಿ ಅದರ ನಾಲಿಗೆಗಿಲ್ಲ. ಅದು ನೆಕ್ಕುತ್ತಿರುವುದು ಹಾಲು ತುಪ್ಪದ ಕೊಬ್ಬನ್ನು.

ಹಾಗೆಂದು ಅನ್ನ ಹೆಚ್ಚಿಸಿ ಮೀನು ಮಾಂಸ ಕಡಿಮೆ ಮಾಡಿದರೆ ಇನ್ನೊಂದು ತೊಂದರೆ. ಬೆಕ್ಕು ಮಾಂಸಾಹಾರಕ್ಕೆಂದೇ ಸೃಷ್ಟಿಯಾದ ಪ್ರಾಣಿ. ಅದಕ್ಕೆ ಬೇಕಾದ ಟಾರಿನ್ ಎಂಬ ಅಂಶ ಮಾಂಸದಲ್ಲಿ ಮಾತ್ರ ತಕ್ಕಷ್ಟು ಸಿಗುತ್ತದೆ. ಅದು ಕೊರತೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ತೂಕ ಇಳಿಸುವಾಗ ಸ್ನಾಯು ಕರಗದೆ ಕೊಬ್ಬು ಮಾತ್ರ ಕರಗಬೇಕಾದರೆ ಪ್ರೋಟೀನ್ ಚೆನ್ನಾಗಿರಬೇಕು. ಆದ್ದರಿಂದ ಪೂರ್ಣ ಪೋಷಣೆಯ ಬೆಕ್ಕಿನ ಆಹಾರವೇ ಮುಖ್ಯ ಊಟವಾಗಿರಲಿ, ದಿನದ ನೂರಕ್ಕೆ ಹತ್ತು ಭಾಗ ಮಾತ್ರ ಮೇಲಿನ ತಿಂಡಿ. ನಮ್ಮ ಲೆಕ್ಕದ ಬೆಕ್ಕಿಗೆ ಅದು ಉಪ್ಪು ಹಾಕದೆ ಬೇಯಿಸಿದ ಕೋಳಿಯ ಎದೆಮಾಂಸ ಸುಮಾರು 10 ಗ್ರಾಂ. ಬರೀ ಕೋಳಿಮಾಂಸವನ್ನೇ ಊಟವಾಗಿಸಿದರೆ ಸುಣ್ಣದಂಶ ಸಾಲದು. ಬಿರಿಯಾನಿಯ ತುಂಡು, ಸಾರಿನ ಮೀನು ಬೇಡವೇ ಬೇಡ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಬೂತಾಯಿ ಮೀನಿನಲ್ಲಿ ಕೊಬ್ಬು ಹೆಚ್ಚು, ಒಣಮೀನಿನಲ್ಲಿ ಉಪ್ಪು ಹೆಚ್ಚು.

ಡಬ್ಬಿಯಲ್ಲಿ ಅಥವಾ ಚೀಟಿಯಲ್ಲಿ ಸಿಗುವ ಹಸಿ ಆಹಾರ ದುಬಾರಿಯಾದರೂ ದಪ್ಪ ಬೆಕ್ಕಿಗೆ ನನ್ನ ಮತ ಅದಕ್ಕೇ. ಒಣ ಆಹಾರದಲ್ಲಿ ನೀರು ನೂರಕ್ಕೆ ಹತ್ತರಷ್ಟಿದ್ದರೆ ಇದರಲ್ಲಿ 75ರಿಂದ 80. ಅಷ್ಟೇ ಕ್ಯಾಲೊರಿಗೆ ತಟ್ಟೆ ತುಂಬ ಕಾಣುತ್ತದೆ, ಹೊಟ್ಟೆ ತುಂಬುತ್ತದೆ, ಮೂತ್ರವೂ ಸಲೀಸು. ದಿನವೂ ಕೊಳ್ಳಲಾಗದವರು ಒಣ ಆಹಾರಕ್ಕೆ ಬಿಸಿ ಆರಿದ ನೀರು ಅಥವಾ ಉಪ್ಪು, ಈರುಳ್ಳಿ ಇಲ್ಲದ ಕೋಳಿ ಬೇಯಿಸಿದ ನೀರು ಬೆರೆಸಿ, ಅರ್ಧ ಗಂಟೆಯೊಳಗೆ ತಿನ್ನಿಸಿ ಉಳಿದದ್ದನ್ನು ತೆಗೆಯಿರಿ. ಹೊಸ ಆಹಾರವನ್ನು ಹಳೆಯದರ ಜೊತೆ ಬೆರೆಸುತ್ತ ಏಳರಿಂದ ಹತ್ತು ದಿನಗಳಲ್ಲಿ ಬದಲಿಸಿ. ಬೆಕ್ಕು ಬಹಳ ದಪ್ಪವಿದ್ದರೆ ಸಾಮಾನ್ಯ ಆಹಾರವನ್ನು ಇಷ್ಟು ಕಡಿತ ಮಾಡಿದಾಗ ಪ್ರೋಟೀನ್, ವಿಟಮಿನ್‌ಗಳೂ ಕಡಿತವಾಗುತ್ತವೆ. ಅಂಥ ಬೆಕ್ಕಿಗೆ ವೈದ್ಯರು ಸೂಚಿಸುವ ವಿಶೇಷ ಆಹಾರವೇ ಬೇಕು.

ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೆಕ್ಕಿನ ಆಹಾರದ ಅಗತ್ಯ ಕಡಿಮೆಯಾಗುತ್ತದೆ, ಹಸಿವು ಹೆಚ್ಚುತ್ತದೆ. ಗಲ್ಫಿನ ಫ್ಲಾಟುಗಳಲ್ಲಿ ಬೆಕ್ಕು ಸಾಕಿರುವ ನಮ್ಮವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಓಡಾಟವೂ ಕಡಿಮೆ. (ಈ ಶಸ್ತ್ರಚಿಕಿತ್ಸೆಯ ಧಾರ್ಮಿಕ ವಿಧಿಯನ್ನು ಉಲಮಾಗಳಲ್ಲಿ ಕೇಳಿ, ಇಲ್ಲಿರುವುದು ದೇಹದ ಲೆಕ್ಕ ಮಾತ್ರ.)

ಲೆಕ್ಕಕ್ಕಿಂತ ಕಷ್ಟದ ಕೆಲಸ ಮನೆಯವರನ್ನು ಒಪ್ಪಿಸುವುದು. ಬೆಳಿಗ್ಗೆ ತಾಯಿ ಹಾಕುತ್ತಾರೆ, ಶಾಲೆಯಿಂದ ಬಂದ ಮಗು ಹಾಕುತ್ತದೆ, ರಾತ್ರಿ ಊಟದ ಹೊತ್ತಿಗೆ ಅಜ್ಜಿಯ ಕಾಲ ಬುಡದಲ್ಲಿ ಬೆಕ್ಕು ಕೂತೇ ಇರುತ್ತದೆ. ಯಾರೂ ಹೆಚ್ಚು ಹಾಕಿಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪವೇ ಹಾಕಿದ್ದು. ಇದಕ್ಕೆ ಸುಲಭ ಉಪಾಯ ಒಂದು ಡಬ್ಬಿ. ಇಡೀ ದಿನದ ಆಹಾರವನ್ನು ಬೆಳಿಗ್ಗೆಯೇ ತೂಗಿ ಅದರಲ್ಲಿ ಹಾಕಿಡಿ. ಯಾರು ಯಾವಾಗ ಕೊಟ್ಟರೂ ಆ ಡಬ್ಬಿಯಿಂದಲೇ ಕೊಡಬೇಕು. ಅದು ಖಾಲಿಯಾದರೆ ಆ ದಿನದ ಊಟ ಮುಗಿಯಿತು. ಅಜ್ಜಿಗೆ ಕೊಡುವ ಸಂತೋಷವನ್ನು ಕಿತ್ತುಕೊಳ್ಳಬೇಕಾಗಿಲ್ಲ. ಅವರ ಪಾಲಿನ ಐದಾರು ಕಾಳುಗಳು ಅದರಲ್ಲೇ ಇರುತ್ತವೆ. ತಟ್ಟೆಯಲ್ಲಿ ದಿನವಿಡೀ ಆಹಾರ ತೆರೆದಿಡುವುದನ್ನು ನಿಲ್ಲಿಸಿ, ದಿನಕ್ಕೆ ನಾಲ್ಕು ಐದು ಸಲ ಚೂರು ಚೂರಾಗಿ ಕೊಡಿ. ಒಂದಿಷ್ಟು ಕಾಳುಗಳನ್ನು ಕೋಣೆಯ ಉದ್ದಕ್ಕೆ ಒಂದೊಂದಾಗಿ ಎಸೆಯಿರಿ. ಬೇಟೆಯಾಡುವ ಹಾಗೆ ಓಡಿ ತಿನ್ನುತ್ತದೆ, ಮಕ್ಕಳಿಗೂ ಆಟ.

ರಮಝಾನಿನಲ್ಲಿ ಈ ಶಿಸ್ತು ತಪ್ಪುವುದು ಹೆಚ್ಚು. ಸಹ್ರಿಗೆ ಎದ್ದವರೆಲ್ಲ ಬೆಕ್ಕಿಗೂ ಹಾಕುತ್ತಾರೆ, ಹಗಲೆಲ್ಲ ಅಡುಗೆಮನೆ ಮುಚ್ಚಿರುತ್ತದೆ, ಇಫ್ತಾರಿನಲ್ಲಿ ಸಮೋಸದ ಮಾಂಸವೂ ಅದರ ಪಾಲಿಗೆ ಬರುತ್ತದೆ. ಡಬ್ಬಿಯನ್ನು ಸಹ್ರಿಯ ಹೊತ್ತಿಗೇ ತುಂಬಿ, ಒಂದು ಪಾಲು ಆಗ, ಎರಡು ಪಾಲು ಹಗಲಿಗೆ, ಒಂದು ಇಫ್ತಾರಿನ ನಂತರ, ಕೊನೆಯದು ತರಾವೀಹ್ ಮುಗಿಸಿ ಬಂದ ಮೇಲೆ ಎಂದು ಹಂಚಿಕೊಳ್ಳಿ. ಹಗಲಿನ ಪಾಲುಗಳನ್ನು ಉಪವಾಸವಿಲ್ಲದ ಸಣ್ಣ ಮಕ್ಕಳಿಗೆ ವಹಿಸಬಹುದು. ಬಕ್ರೀದ್ ದಿನ ಮಾಂಸ ಕತ್ತರಿಸುವಾಗ ತೆಗೆದ ಕೊಬ್ಬಿನ ಚೂರುಗಳನ್ನೆಲ್ಲ ಬೆಕ್ಕಿನ ಮುಂದೆ ರಾಶಿ ಹಾಕಬೇಡಿ.

ಎರಡು ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಬೆಕ್ಕನ್ನು ಎತ್ತಿಕೊಂಡು ನಿಂತು, ನಿಮ್ಮ ತೂಕವನ್ನು ಕಳೆದರೂ ಆಗುತ್ತದೆ, ಆದರೆ ಇಲ್ಲಿ 50, 100 ಗ್ರಾಂ ಕೂಡ ಮುಖ್ಯವಾದ್ದರಿಂದ ಶಿಶುಗಳನ್ನು ತೂಗುವಂಥ ತಕ್ಕಡಿ ಮೇಲು. ಒಂದು ತಿಂಗಳಲ್ಲಿ ಏನೂ ಇಳಿಯದಿದ್ದರೆ ಮೊದಲು ಡಬ್ಬಿಯ ಹೊರಗಿನಿಂದ ಯಾರು ಕೊಡುತ್ತಿದ್ದಾರೆ ಎಂದು ವಿಚಾರಿಸಿ, ನೆರೆಮನೆಯನ್ನೂ ಕೇಳಿ. ಅದೂ ಇಲ್ಲದಿದ್ದರೆ ವೈದ್ಯರನ್ನು ಕೇಳಿ ಹತ್ತರಲ್ಲಿ ಒಂದು ಭಾಗ ಕಡಿಮೆ ಮಾಡಿ. ವಾರಕ್ಕೆ ನೂರಕ್ಕೆ ಎರಡು ಭಾಗಕ್ಕಿಂತ ವೇಗವಾಗಿ ಇಳಿಯುತ್ತಿದ್ದರೆ ಆಹಾರ ಹೆಚ್ಚಿಸಬೇಕು.

ಮನೆಯಲ್ಲಿ ಎರಡು ಬೆಕ್ಕುಗಳಿದ್ದು ಒಂದು ತೆಳ್ಳಗಿದ್ದರೆ, ತೆಳ್ಳಗಿನದರ ತಟ್ಟೆಯನ್ನು ದಪ್ಪ ಬೆಕ್ಕು ಹಾರಲಾಗದ ಎತ್ತರದಲ್ಲಿಡಿ, ಇಲ್ಲವೇ ಬೇರೆ ಕೋಣೆಯಲ್ಲಿ ಉಣಿಸಿ. ಕೆಲವು ತಿಂಗಳುಗಳ ನಂತರ ದಪ್ಪ ಬೆಕ್ಕೂ ಆ ಎತ್ತರಕ್ಕೆ ಹಾರತೊಡಗುತ್ತದೆ. ಆಗ ತಟ್ಟೆಗೆ ಬೇರೆ ಜಾಗ ಹುಡುಕಬೇಕಾಗುತ್ತದೆ.